ಕಪ್ಪಾದರೆ ಚಿಂತೆಯಿಲ್ಲ, ಕೆಂಪಾಗಬಾರದು

ಅಜ್ಜಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಬರೋವಾಗ ಈಳಿಗೆ ಮಣೆ ತಗೊಂಡ್ ಬಾ ಮಗ. ಒಂದ್ಸಲ ನೋಡ್ಬೇಕು ಅನ್ಸಿದೆ."

"ಆಯ್ತಜ್ಜಿ" ಅಂದು ಫೋನಿಟ್ಟೆ. ಎದೆ ಧಸಕ್ ಎಂದಿತು. ಅಜ್ಜಿ ನೋಡಬೇಕೆಂದ ಈಳಿಗೆ ಮಣೆ ನನ್ನ ಬೆಂಗಳೂರಿನ ಫ್ಲ್ಯಾಟಿನ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಹಿಂದೆ, ಪ್ಲಾಸ್ಟಿಕ್ ಕವರಿನೊಳಗೆ ಕೆಂಪಗೆ ತುಕ್ಕು ಹಿಡಿದು ಕೂತಿತ್ತು. "ಈಳಿಗೆ ಚೆನ್ನಾಗಿದೆಯಾ?" ಅಂತ ಅವರು ಎರಡು ಸಲ ಕೇಳಿದ್ದರು. ಎರಡು ಸಲವೂ "ಸೂಪರ್ ಆಗಿದೆ ಅಜ್ಜಿ, ದಿನಾ ಅದರಲ್ಲೇ ಹೆಚ್ಚೋದು" ಅಂದಿದ್ದೆ.

ಅಜ್ಜಿಯ ಸಂಸಾರ ನಡೆದದ್ದು ಅರಸೀಕೆರೆ ಕಡೆಯ ಹಳ್ಳಿಯೊಂದರಲ್ಲಿ. ತಾತ ಹೋದ ಕೆಲವು ವರ್ಷಕ್ಕೆ ಬೇಲೂರಿನಾಚೆ ಇರುವ ಮಾವನ ಮನೆಗೆ ಹೋದರು. ಮಂಡಿ ನೋವು, ಕೆಳಗೆ ಕೂತು ಹೆಚ್ಚಲು ಆಗುವುದಿಲ್ಲ. ಹೊರಡುವ ಮುಂಚೆ ಪಾತ್ರೆ ಪಡಗವನ್ನೆಲ್ಲ ಹಂಚಿದರು. ನನ್ನ ಪಾಲಿಗೆ ಬಂದದ್ದು ಹಲಸಿನ ಹಲಗೆಯ ಈ ಈಳಿಗೆ ಮಣೆ, ತುದಿಯಲ್ಲಿ ಕಾಯಿ ತುರಿಯುವ ಹಲ್ಲು ಇರುವಂಥದ್ದು. ಅಕ್ಕನಿಗೆ ಬಂದ ಹಿತ್ತಾಳೆ ಕೊಳಗದ ಮೇಲೆ ನನಗೆ ಕಣ್ಣಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ತುಕ್ಕು ಬಂದ ಕಥೆ ಸರಳ. ಏಪ್ರಿಲ್‌ನಲ್ಲಿ ಉಪ್ಪಿನಕಾಯಿಗೆ ಅಂತ ಮಾವಿನಕಾಯಿ ಹೆಚ್ಚಿದೆ, ಅಲ್ಲೇ ಉಪ್ಪು ಬೆರೆಸಿದೆ. ರಾತ್ರಿ ಸುಸ್ತಾಗಿ ಈಳಿಗೆಯನ್ನು ಹಾಗೇ ಬಿಟ್ಟು ಮಲಗಿದೆ. ಬೆಳಗ್ಗೆ ತೊಳೆದೆ, ಒರೆಸಲಿಲ್ಲ. ಭದ್ರವಾಗಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟು, ಎರಡು ತಿಂಗಳು ಆಫೀಸ್ ಕೆಲಸದ ಮೇಲೆ ಹೊರದೇಶಕ್ಕೆ ಹೋದೆ. ಕಬ್ಬಿಣವನ್ನು ಕೊಲ್ಲಲು ಬೇಕಾದ ನಾಲ್ಕೂ ಅಲ್ಲಿದ್ದವು: ಹುಳಿ, ಉಪ್ಪು, ನೀರು, ಜೊತೆಗೆ ನೀರು ಆರದ ಹಾಗೆ ಕಾವಲು ಕಾಯುವ ಪ್ಲಾಸ್ಟಿಕ್. ವಾಪಸ್ ಬಂದಾಗ ಆಗಲೇ ಮಳೆಗಾಲ. ಕವರ್ ಬಿಚ್ಚಿದರೆ ಕೆಂಪು ಪುಡಿ ಉದುರಿತು. ನಾಚಿಕೆಯಾಗಿ ಮತ್ತೆ ಕಟ್ಟಿ ಮೆಷಿನ್ ಹಿಂದೆ ತಳ್ಳಿದೆ. ಕೆಲಸಕ್ಕೆ ಬರುವ ಅಕ್ಕನ ಮೇಲೆ ತಪ್ಪು ಹಾಕುವ ಅವಕಾಶವೂ ಇರಲಿಲ್ಲ, ಆ ಎರಡು ತಿಂಗಳು ಅವರಿಗೂ ರಜೆ.

ಹೀಗೆ ಡಿಸೆಂಬರ್ ಮೊದಲ ವಾರದ ಒಂದು ಶುಕ್ರವಾರ ರಜೆ ಹಾಕಿ, ಈಳಿಗೆ ಮಣೆಯನ್ನು ಹಳೇ ಟವೆಲ್‌ನಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕಟ್ಟಿದೆ. ಬೇಲೂರಿಗೆ ಹಾಸನದ ಮೇಲೆ ಹೋಗುವುದು ಸುಲಭ. ನಾನು ತುಮಕೂರು, ತಿಪಟೂರಿನ ಮೇಲೆ ಅರಸೀಕೆರೆ ದಾರಿ ಹಿಡಿದೆ. ಅಜ್ಜಿಯ ಊರಿನ ಹತ್ತಿರ ಒಂದು ಕುಲುಮೆ ಇದೆ, ಈ ಅಲಗು ಹುಟ್ಟಿದ್ದೇ ಅಲ್ಲಿ.

ತಿಪಟೂರು ದಾಟಿದ ಮೇಲೆ ಎರಡೂ ಕಡೆ ತೆಂಗಿನ ತೋಟ, ನಡುನಡುವೆ ರಾಗಿ ಹೊಲ. ಅರಸೀಕೆರೆ ಅಂದರೆ ನಮ್ಮಲ್ಲಿ ಹಲವರಿಗೆ ರೈಲು ಬದಲಿಸುವ ಜಂಕ್ಷನ್ ಅಷ್ಟೇ. ಹೆಸರಿನಲ್ಲೇ ಅರಸಿಯೂ ಇದ್ದಾಳೆ, ಕೆರೆಯೂ ಇದೆ. ಊರಿನ ಶಿವಾಲಯ ಸುಮಾರು 1220ರ ಹೊಯ್ಸಳ ಕಾಲದ್ದು. ಅದರ ಮುಂದಿನ ಮಂಟಪ ಹದಿನಾರು ಮೂಲೆಯ ನಕ್ಷತ್ರದಂತಿದೆ. ಬೇಲೂರು, ಹಳೇಬೀಡಿನ ಜನಜಂಗುಳಿ ಇಲ್ಲಿಲ್ಲ. ಅರ್ಧ ಗಂಟೆ ಕೈಯಲ್ಲಿದ್ದರೆ ನೋಡಿಯೇ ಮುಂದೆ ಹೋಗಿ.

ಕುಲುಮೆ ಚಿಕ್ಕಂದಿನಲ್ಲಿ ಕಂಡಷ್ಟು ದೊಡ್ಡದೇನಲ್ಲ. ಚರ್ಮದ ತಿದಿಯ ಜಾಗಕ್ಕೆ ಕರೆಂಟಿನ ಬ್ಲೋಯರ್ ಬಂದಿದೆ. ಅಡಿಗಲ್ಲು ಮಾತ್ರ ಅದೇ. ಆಚಾರ್ರು ಟವೆಲ್ ಬಿಚ್ಚಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಅಲಗು ನೋಡಿದರು.

"ಇದು ನಮ್ಮಪ್ಪ ಹೊಡೆದಿದ್ದು ಕಣವ್ವ. ಏನ್ ಮಾಡ್ಕೊಂಡಿದ್ದೀಯ ಇದನ್ನ?"

ಮಾವಿನಕಾಯಿಯಿಂದ ವಾಷಿಂಗ್ ಮೆಷಿನ್‌ವರೆಗೆ ಎಲ್ಲ ಒಪ್ಪಿಸಿದೆ. ಪೊಲೀಸರ ಮುಂದೆ ಹೇಳಿಕೆ ಕೊಟ್ಟ ಹಾಗಿತ್ತು. ಅವರು ನಗಲಿಲ್ಲ. ಅಲಗಿನ ಬೆನ್ನಿಗೆ ಚಿಕ್ಕ ಸುತ್ತಿಗೆಯಿಂದ ಟಣ್ ಎನ್ನಿಸಿ, "ಒಳಗೆ ಗಟ್ಟಿ ಐತೆ. ಮೇಲೆ ತಿಂದೈತೆ" ಅಂದರು.

ನಮ್ಮ ಕಡೆಯ ಮಚ್ಚು, ಕುಡ್ಲು, ಈಳಿಗೆಗಳನ್ನು ಹೆಚ್ಚಾಗಿ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದಲೇ ಬಡಿಯುತ್ತಾರೆ. ಆ ಉಕ್ಕಿನಲ್ಲಿ ಶೇ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಕಾಯಿಸಿ ತಣ್ಣಗೆ ಅದ್ದಿದರೆ ಗಡಸು ಬರುವುದು ಆ ಇಂಗಾಲದಿಂದ. ಅಂಗಡಿಯಲ್ಲಿ ಸಿಗುವ ಸ್ಟೀಲ್ ಚಾಕುವಿನಲ್ಲಿ ಇಂಗಾಲದ ಜೊತೆಗೆ ಶೇ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ಗೀರಿದರೂ ಪೊರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಇಂಥ ಉಕ್ಕನ್ನು ಎರಕ ಹೊಯ್ದದ್ದು 1913ರಲ್ಲಿ. ಅದಕ್ಕೂ ಮುಂಚಿನ ಅಡುಗೆಮನೆಗಳಲ್ಲಿ ಎಲ್ಲರ ಅಲಗೂ ತುಕ್ಕು ಹಿಡಿಯುವಂಥದ್ದೇ. ಜಗತ್ತೇ ಕೊಂಡಾಡಿದ ನಮ್ಮ ಉಕ್ಕು ಕೂಡ. ಇಂಗ್ಲಿಷಿನ 'ವೂಟ್ಜ್' ಅನ್ನುವ ಹೆಸರು ಕನ್ನಡದ 'ಉಕ್ಕು' ಪದದಿಂದಲೇ ಬಂತು ಅನ್ನುವುದು ಬಲವಾದ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುವ ಕುಲುಮೆಗಳನ್ನೂ, ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದ ಚನ್ನಪಟ್ಟಣವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ.

ಆಚಾರ್ರು ಅಲಗಿಗೆ ನೆನೆಸಿದ ಹುಣಸೆಹಣ್ಣು ಬಳಿದು ಅರ್ಧ ಗಂಟೆ ಬಿಟ್ಟರು. ಹುಳಿ ತುಕ್ಕನ್ನು ಬಿಡಿಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಆಮೇಲೆ ತೆಂಗಿನ ನಾರಿಗೆ ಒಲೆ ಬೂದಿ ಹಾಕಿ ಗಸಗಸ ಉಜ್ಜಿದರು. ಬೂದಿಯಲ್ಲಿ ಕ್ಷಾರವಿದೆ, ಉಳಿದ ಹುಳಿಯನ್ನು ಅದು ಮುರಿಯುತ್ತದೆ. ಸಿಟಿಯಲ್ಲಿ ಬೂದಿ ಎಲ್ಲಿ ತರೋದು ಅನ್ನುವವರಿಗೆ ಅಡುಗೆ ಸೋಡಾ ಇದೆ, ನಿಂಬೆಹಣ್ಣು ಇದೆ. ಕೆಲಸ ಒಂದೇ. ತೊಳೆದು, ಬಟ್ಟೆಯಲ್ಲಿ ಒರೆಸಿ, ಕುಲುಮೆಯಿಂದ ಮಾರು ದೂರದಲ್ಲಿ ಹಿಡಿದು ಬೆಚ್ಚಗೆ ಮಾಡಿದರು.

"ಬೆಂಕಿಗೆ ಹತ್ರ ಹಿಡೀಬಾರ್ದು. ನೀಲಿ ಬಣ್ಣ ಬಂತು ಅಂದ್ರೆ ಹದ ಹೋಯ್ತು ಅಂತ ಲೆಕ್ಕ. ರೋಡಲ್ಲಿ ಮೆಷಿನ್ ಸಾಣೆಯವ್ರಿಗೂ ಕೊಡಬ್ಯಾಡ. ಕಿಡಿ ಹಾರಿಸ್ತಾರೆ, ಬಾಯಿ ಸುಟ್ಟೋಯ್ತದೆ."

ಕೈಸಾಣೆ ಮುಗಿಯಿತು. ಕೆಂಪು ಹೋಗಿತ್ತು. ಬಾಯಿಗೆ ಹತ್ತಿರ ಎರಡು ಕಡೆ, ಬುಡದ ಬಳಿ ಒಂದು ಕಡೆ ಸಣ್ಣ ಸಣ್ಣ ಗುಳಿ ಉಳಿದಿದ್ದವು. ಇವನ್ನೂ ತೆಗೆದುಬಿಡಿ ಅಂದೆ.

"ತೆಗೀಬೌದು. ಅಷ್ಟು ಅಲಗೂ ಸವೀತದೆ. ಇನ್ನೂ ಮೂವತ್ತು ವರ್ಷ ಬಾಳೋದು ಹತ್ತು ವರ್ಷಕ್ಕೆ ಮುಗೀತದೆ. ಬ್ಯಾಡ ಬಿಡು. ಗುಳಿಯಲ್ಲಿ ನೀರು ನಿಲ್ತದೆ, ಅಲ್ಲಿ ಜ್ವಾಪಾನ."

ಮೈಯೆಲ್ಲ ಮಸಕು ಕಪ್ಪಾಗಿತ್ತಲ್ಲ, ಅದನ್ನಾದರೂ ಫಳಫಳ ಮಾಡಿ ಅಂತ ಕೇಳಿದ್ದಕ್ಕೆ ಆಚಾರ್ರಿಗೆ ಸ್ವಲ್ಪ ಸಿಟ್ಟೇ ಬಂತು. ಕಪ್ಪು ಇರಲಿ, ಅದು ಅಂಗಿ ಇದ್ದ ಹಾಗೆ, ಕೆಂಪು ಬಂದರೆ ಮಾತ್ರ ರೋಗ ಅಂದರು. ಅವರು ಹೇಳಿದ್ದು ಸರಿ. ಬಾಳೆಹೂವು, ಬಾಳೆಕಾಯಿ, ಬದನೆಕಾಯಿ ಹೆಚ್ಚಿದಾಗ ಅವುಗಳ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪು ಲೇಪ ಆಗುತ್ತದೆ. ಅಳಲೆಕಾಯಿ ಒಗರಿಗೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಕಪ್ಪು ಲೇಪ ಮೈಗಂಟಿ ಕೂರುತ್ತದೆ, ತುಕ್ಕನ್ನು ಪೂರ್ತಿ ತಡೆಯದಿದ್ದರೂ ನಿಧಾನ ಮಾಡುತ್ತದೆ. ಕೆಂಪು ತುಕ್ಕು ಹಾಗಲ್ಲ. ಅದು ಸಡಿಲ, ಪದರ ಪದರವಾಗಿ ಉದುರುತ್ತದೆ, ಉದುರಿದ ಕೂಡಲೇ ಒಳಗಿನ ಹೊಸ ಕಬ್ಬಿಣ ಗಾಳಿಗೆ ಸಿಗುತ್ತದೆ. ಆನ್‌ಲೈನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಜಪಾನಿನ ಕಾರ್ಬನ್ ಸ್ಟೀಲ್ ಚಾಕು ತರಿಸಿಕೊಂಡು, ಎರಡನೇ ದಿನವೇ ಕಪ್ಪಾಯಿತೆಂದು ಗಾಬರಿಯಾಗುವ ಗೆಳೆಯರು ನನಗಿದ್ದಾರೆ. ಅವರಿಗೂ ಇದೇ ಉತ್ತರ.

ದುಡ್ಡು ಕೊಟ್ಟು ಹೊರಡುವಾಗ ಎಣ್ಣೆ ಯಾವುದು ಹಚ್ಚಲಿ ಎಂದು ಕೇಳಿದೆ. ಆಚಾರ್ರು ಬಾಗಿಲಾಚೆ ಕೈ ತೋರಿಸಿದರು. ಎದುರಿಗೆ ತೆಂಗಿನ ತೋಟ.

ಈ ಸೀಮೆಯಲ್ಲಿ ಅದಕ್ಕೆ ಬರವೇ? ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪಿನಲ್ಲಿ ಲೊಡಲೊಡ ಅನ್ನಬೇಕು. ಅದೇ ಉಂಡೆ ಕೊಬ್ಬರಿ. ಅಜ್ಜಿಯ ಮನೆಯಲ್ಲೂ ಅಟ್ಟವಿತ್ತು. ರಾತ್ರಿ ಇಲಿ ಓಡಾಡಿದರೆ ಕಾಯಿ ಉರುಳುವ ಸದ್ದು ಕೇಳಿ ನಾವು ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದೆವು.

ಕೊಬ್ಬರಿ ಎಣ್ಣೆಯ ಗುಣ ಏನೆಂದರೆ ಅದು ಬೇಗ ಅಂಟಾಗುವುದಿಲ್ಲ. ಅದರ ಕೊಬ್ಬಿನಲ್ಲಿ ಶೇ 90ರಷ್ಟು ಸ್ಯಾಚುರೇಟೆಡ್, ಗಾಳಿಗೆ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಸೂರ್ಯಕಾಂತಿ ಎಣ್ಣೆ ಹಚ್ಚಿಟ್ಟರೆ ಕೆಲವು ವಾರಕ್ಕೆ ಜಿಗುಟು ಪೊರೆ ಕಟ್ಟುತ್ತದೆ. ದೋಸೆ ಕಾವಲಿ ಪಳಗಿಸುವಾಗ ನಮಗೆ ಬೇಕಾದದ್ದು ಆ ಪೊರೆಯೇ, ಅದಕ್ಕೇ ಎಣ್ಣೆ ಹಚ್ಚಿ ಹೊಗೆಯಾಡುವಷ್ಟು ಕಾಯಿಸುತ್ತೇವೆ. ಅಲಗಿಗೆ ಹಾಗೆ ಮಾಡಿದರೆ ಹದ ಕೆಡುವ ಅಪಾಯ, ಜೊತೆಗೆ ತರಕಾರಿ ಹೆಚ್ಚಿದಷ್ಟೂ ಬಾಯಿಯ ಪೊರೆ ಕಿತ್ತುಬರುತ್ತದೆ. ಹರಳೆಣ್ಣೆಯೂ ಒಣಗುವ ಜಾತಿಯಲ್ಲ, ಗಾಡಿಯ ಅಚ್ಚಿಗೆ ಅದನ್ನೇ ಬಿಡುತ್ತಿದ್ದರು. ಜಪಾನಿನಲ್ಲಿ ಇದೇ ಕೆಲಸಕ್ಕೆ ಕಮೀಲಿಯಾ ಬೀಜದ ಎಣ್ಣೆ. ಯಾವುದಾದರೂ ಸರಿ, ಒಂದು ತೊಟ್ಟು ಸಾಕು. ಹಚ್ಚಿ ಆದ ಮೇಲೆ ಹಚ್ಚಿಯೇ ಇಲ್ಲವೇನೋ ಅನ್ನುವಷ್ಟು ಒರೆಸಬೇಕು. ಹೆಚ್ಚಾದರೆ ಧೂಳು, ಜಿರಲೆ ಎರಡಕ್ಕೂ ಹಬ್ಬ.

ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ಬಯಲುಸೀಮೆಯ ಒಣಗಾಳಿ ಇಲ್ಲಿಗೆ ಬರುತ್ತಾ ಬರುತ್ತಾ ಸ್ವಲ್ಪ ತಣ್ಣಗಾಗುತ್ತದೆ. ಹೊಯ್ಸಳೇಶ್ವರನ ಗುಡಿಯನ್ನು ಶಾಲಾ ಟೂರಿನಿಂದ ಹಿಡಿದು ಎಷ್ಟು ಸಲ ನೋಡಿದ್ದೇನೋ. ಈ ಸಲ ನನ್ನ ತಲೆಯಲ್ಲಿ ತುಕ್ಕು ತುಂಬಿತ್ತಲ್ಲ, ಕಂಡದ್ದೇ ಬೇರೆ. 1121ರ ಹೊತ್ತಿಗೆ ಶುರುವಾದ ಗುಡಿ. ಬಳಪದ ಕಲ್ಲು ಮೆದು ನಿಜ, ಆದರೂ ಅಷ್ಟು ಆನೆ, ಅಷ್ಟು ಕುದುರೆ, ಸರದ ಹಿಂದೆ ಬೆಳಕು ತೂರುವ ಹಾಗೆ ಕೊರೆದ ಆ ಒಡವೆ, ಇಷ್ಟೆಲ್ಲ ಮಾಡಲು ಎಷ್ಟು ಉಳಿ ಬೇಕಾಗಿರಬೇಕು! ದಿನಾ ಮೊಂಡಾಗುವ ಉಳಿಗಳನ್ನು ದಿನಾ ತಟ್ಟಿ ಹದ ಕೊಡುವ ಕುಲುಮೆ ಗುಡಿಯ ಪಕ್ಕದಲ್ಲೇ ಉರಿಯುತ್ತಿರಬೇಕು. ಮಳೆಗಾಲದಲ್ಲಿ ಅವರೂ ಸಂಜೆ ಉಳಿ ಒರೆಸಿ ಎಣ್ಣೆ ಸವರಿಯೇ ಮನೆಗೆ ಹೋಗಿರಬೇಕು. ಇದು ನನ್ನ ಊಹೆ. ಕಲ್ಲು ಉಳಿದಿದೆ, ಅದನ್ನು ಕಡೆದ ಕಬ್ಬಿಣ ಮಣ್ಣಾಗಿ ಹೋಗಿದೆ.

ಕಲ್ಲಿಗೂ ತುಕ್ಕಿಗೂ ಇನ್ನೊಂದು ಜಗಳವಿದೆ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಅಥೆನ್ಸಿನ ಪಾರ್ಥೆನಾನ್ ಗುಡಿಯನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ರಿಪೇರಿ ಮಾಡಿದವರು ಕಲ್ಲು ಜೋಡಿಸಲು ಕಬ್ಬಿಣದ ಕೊಂಡಿ ಬಳಸಿದರು. ಕೊಂಡಿ ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. ಈಗ ಅವನ್ನು ಕಿತ್ತು ಟೈಟಾನಿಯಂ ಹಾಕಿದ್ದಾರೆ. ನಿಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿ ಸಜ್ಜದಿಂದ ಕಾಂಕ್ರೀಟ್ ಚಕ್ಕೆ ಬೀಳುವುದೂ ಇದೇ ಕಾರಣಕ್ಕೆ. ನನ್ನ ಈಳಿಗೆಯ ಹಿಡಿ ಮಣೆಗೆ ಸೇರುವ ಕಡೆ ಹಲಸಿನ ಹಲಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಯಾಕೆಂದು ಆಗ ಹೊಳೆಯಿತು. ಮರದೊಳಗೆ ಹೋದ ನೀರು ಬೇಗ ಆರುವುದಿಲ್ಲ. ಅದಕ್ಕೇ ಮರದ ಹಿಡಿಯ ಯಾವ ಚಾಕುವನ್ನೂ ನೆನೆಹಾಕಬಾರದು, ಡಿಶ್‌ವಾಷರ್ ಅಂತೂ ದೂರವೇ ಇರಲಿ.

ಹಳೇಬೀಡಿನಿಂದ ಬೇಲೂರು 16 ಕಿಲೋಮೀಟರ್. ಚೆನ್ನಕೇಶವನ ಗುಡಿಗೆ ಹೋದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವರು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ. ಬಾಗಿಲ ಪಕ್ಕದಲ್ಲಿ ಸಳ ಎಂದಿನಂತೆ ಹುಲಿಯನ್ನು ಇರಿಯುತ್ತಿದ್ದಾನೆ. ಅವನ ಆಯುಧಕ್ಕೆ ಮಾತ್ರ ಒಂಬೈನೂರು ವರ್ಷದಿಂದ ಎಣ್ಣೆ ಬೇಕಾಗಿಲ್ಲ! ಮದನಿಕೆಯರ ಕೆಳಗೆ ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಅವರಿಗೆ ಉಳಿ ಬಡಿದುಕೊಟ್ಟವನ ಹೆಸರು ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ. ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಜ್ಜಿಯ ಮನೆ ಹತ್ತಿರವಾದಂತೆ ಹೊಟ್ಟೆಯಲ್ಲಿ ಏನೋ ತಳಮಳ.

ಮೂಡಿಗೆರೆ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಕಾಫಿ ತೋಟಗಳು ಶುರು, ಮಲೆನಾಡಿನ ಬಾಗಿಲು. ಸಂಜೆಗೇ ಇಬ್ಬನಿ ಇಳಿದಿತ್ತು. ಗಾಳಿಯ ತೇವ ಶೇ 60 ದಾಟಿದರೆ ತುಕ್ಕಿಗೆ ಚುರುಕು ಬರುತ್ತದೆ ಅನ್ನುತ್ತಾರೆ. ಇಲ್ಲಿ ಮಳೆಗಾಲದ ತಿಂಗಳುಗಟ್ಟಲೆ ಬಟ್ಟೆಯೇ ಒಣಗುವುದಿಲ್ಲ. ಮಾವನ ಮನೆಯಲ್ಲಿ ಕತ್ತಿ, ಮಚ್ಚು, ಕುಡ್ಲು ಎಲ್ಲ ಬಚ್ಚಲ ಒಲೆಯ ಮೇಲಿನ ಜಂತಿಗೆ ಸಿಕ್ಕಿಸಿದ್ದಾರೆ, ಬಿಸಿಗೂ ಹೊಗೆಗೂ ತಾಗುವ ಹಾಗೆ. ಅತ್ತೆಯ ಅಡುಗೆಮನೆಯ ಚಾಕು ಗೋಡೆಗೆ ನೇತುಹಾಕಿದೆ. ಡ್ರಾಯರ್ ಒಳಗಲ್ಲ, ಉಪ್ಪಿನ ಭರಣಿಯ ಹತ್ತಿರವೂ ಅಲ್ಲ.

ಕಾಫಿ ಕುಡಿದಾದ ಮೇಲೆ ಅಜ್ಜಿ ಕೇಳಿದರು, "ಎಲ್ಲಿ?"

ಟವೆಲ್ ಬಿಚ್ಚಿ ಮುಂದಿಟ್ಟೆ. ಅಜ್ಜಿಗೆ ಕಣ್ಣು ಮಂಜು. ಅದನ್ನೇ ನೆಚ್ಚಿಕೊಂಡು ಬಂದಿದ್ದೆ ಅಂತಲೂ ಅನ್ನಬಹುದು. ಅವರು ಹೆಬ್ಬೆರಳಿನಿಂದ ಅಲಗಿನ ಮೈಯನ್ನು ಮೇಲಿಂದ ಕೆಳಕ್ಕೆ ಸವರಿದರು. ಮೊದಲ ಗುಳಿಯ ಹತ್ತಿರ ಬೆರಳು ನಿಂತಿತು.

"ಇಲ್ಲಿ ತಿಂದೈತೆ."

ನಾನು ಮಾತಾಡಲಿಲ್ಲ. ಬೆರಳು ಎರಡನೇ ಗುಳಿಗೆ ಬಂತು. "ಇಲ್ಲೂ." ಮಾವ ಟೀವಿಯ ಸದ್ದು ಕಮ್ಮಿ ಮಾಡಿದರು.

"ಅಜ್ಜಿ, ಸುಳ್ಳು ಹೇಳಿದ್ದೆ. ದಿನಾ ಏನೂ ಹೆಚ್ತಿರಲಿಲ್ಲ. ಒದ್ದೆ ಇಟ್ಟು ಹೋಗ್ಬಿಟ್ಟೆ. ಇವತ್ತು ಆಚಾರ್ರ ಹತ್ರ ಉಜ್ಜಿಸ್ಕೊಂಡು ಬಂದೆ."

ಅಜ್ಜಿ ಏನೂ ಅನ್ನದೆ ಬೆರಳನ್ನು ಬುಡಕ್ಕೆ ತಂದರು, ಮೂರನೇ ಗುಳಿಯ ಮೇಲೆ. ಅಲ್ಲೇ ಸ್ವಲ್ಪ ಹೊತ್ತು ಇಟ್ಟಿದ್ದರು.

"ಇದು ನಿಂದಲ್ಲ."

"ಮತ್ತೆ?"

"ನಿಮ್ ತಾತ ಹೋದಾಗ. ಹದಿಮೂರು ದಿನ ಮನೇಲಿ ಒಲೆ ಹಚ್ಚಲಿಲ್ವಲ್ಲ, ಊರವ್ರೇ ಅಡ್ಗೆ ತಂದ್ಕೊಟ್ರು. ಆಮೇಲೂ ನಂಗೆ ಹೆಚ್ಚೋಕೆ ಮನಸಾಗ್ಲಿಲ್ಲ. ಮಳೆಗಾಲ ಬೇರೆ. ಬಚ್ಚಲ ಹತ್ರ ಮೂಲೇಲಿ ಬಿದ್ದಿತ್ತು. ಯಾರೂ ನೋಡ್ಲಿಲ್ಲ. ಯುಗಾದಿಗೆ ಬೇವು ಬೆಲ್ಲಕ್ಕೆ ಮಾವಿನಕಾಯಿ ಹೆಚ್ಚಣ ಅಂತ ತೆಗೆದ್ರೆ ಕೆಂಪಗಾಗೈತೆ. ಕೂತ್ಕೊಂಡು ಅತ್ತೆ. ಆಮೇಲೆ ಬೂದಿ ಹಾಕಿ ಉಜ್ಜಿದೆ."

ಎಷ್ಟೋ ವರ್ಷದ ಹಿಂದಿನ ಆ ಗುಳಿ ಇನ್ನೂ ಆಳವಾಗಿರಲಿಲ್ಲ, ಅದಾದ ಮೇಲೆ ಅಜ್ಜಿ ದಿನಾ ಒರೆಸಿದ್ದರಲ್ಲ. ಈ ವಿಷಯ ಅಮ್ಮನಿಗೂ ಗೊತ್ತಿರಲಿಲ್ಲವಂತೆ, ಆಮೇಲೆ ಫೋನ್ ಮಾಡಿ ಕೇಳಿದೆ.

ರಾತ್ರಿ ಅಡುಗೆಗೆ ಅತ್ತೆ ಹಾಗಲಕಾಯಿ ತೆಗೆದಿಟ್ಟಿದ್ದರು. ಅಜ್ಜಿ ಈಳಿಗೆ ಮಣೆಯನ್ನು ದಿವಾನದ ಮೇಲೆ ಇಡಿಸಿ, ತಾವು ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತು, ನನ್ನ ಕೈಯಲ್ಲಿ ಹೆಚ್ಚಿಸಿದರು. "ಹುಳಿ ಆಗ್ಲಿ, ಉಪ್ಪಾಗ್ಲಿ, ಕಹಿ ಆಗ್ಲಿ, ಹೆಚ್ಚಿದ ಕೂಡ್ಲೇ ಒರೆಸ್ಬೇಕು. ಸಾರು ಆದ್ಮೇಲೆ ಅಲ್ಲ." ತೊಳೆದೆ, ಒರೆಸಿದೆ. ಗುಳಿಗಳನ್ನು ಬಟ್ಟೆಯ ಮೂಲೆ ಚೂಪು ಮಾಡಿ ಒತ್ತಿ ಒರೆಸುವುದನ್ನು ತೋರಿಸಿದರು. ಆಯುಧಪೂಜೆಯ ದಿನ ಒದ್ದೆ ಅರಿಶಿನ ಕುಂಕುಮ ಇಟ್ಟು ಹಾಗೇ ಬಿಟ್ಟರೆ ಬೊಟ್ಟಿನ ಜಾಗದಲ್ಲೇ ತುಕ್ಕು ಏಳುತ್ತದಂತೆ, ಮಾರನೇ ದಿನ ಮರೆಯದೆ ಒರೆಸಬೇಕು. ನಡುವೆ ನನ್ನ ಬೆರಳಿಗೆ ಅಲಗು ಸ್ವಲ್ಪ ತಾಗಿತು. ಮಾವ "ತುಕ್ಕು! ಟಿಟಿ ಇಂಜೆಕ್ಷನ್!" ಎಂದು ಎದ್ದರು. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು ಸಗಣಿಯಲ್ಲಿರುವ ಬ್ಯಾಕ್ಟೀರಿಯಾದಿಂದ. ಆದರೂ ಐದು ವರ್ಷದೊಳಗೆ ಇಂಜೆಕ್ಷನ್ ಆಗಿದೆಯಾ ಅಂತ ಲೆಕ್ಕ ಹಾಕಿ, ಆಗಿದೆ ಎಂದ ಮೇಲೆಯೇ ಅವರು ಕೂತದ್ದು.

"ಎಣ್ಣೆ ತಗೊಂಡ್ ಬಾ" ಅಂದರು ಅಜ್ಜಿ. ಅಡುಗೆಮನೆಯ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು, 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹಾಗೆಯೇ. ಕರಗಿಸಲು ಒಲೆ ಕಡೆ ಹೊರಟವಳನ್ನು ಅಜ್ಜಿ ಕೂಗಿ ನಿಲ್ಲಿಸಿದರು. ಚಮಚದ ಹಿಂಬದಿಯಿಂದ ಕಡಲೆಕಾಳಿನಷ್ಟು ಕೆದಕಿಸಿ, ಅಂಗೈಯಲ್ಲಿ ಇಟ್ಟುಕೊಂಡು ಮುಷ್ಟಿ ಕಟ್ಟಿದರು. ಒಂದು ನಿಮಿಷಕ್ಕೆ ಎಣ್ಣೆ ಕರಗಿ ಬೆರಳ ಸಂದಿಗೆ ಬಂತು.

"ಹಿಡ್ಕೋ" ಅಂದು, ಅಲಗನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.